ಪೆನ್ ಸ್ಟ್ಯಾಂಡ್, ಟ್ರೇ, ಡ್ರಾಯರ್: ನಿಮ್ಮ ಮೇಜಿಗೆ ಯಾವುದು ಸರಿ?

ಡೆಸ್ಕ್ ಆರ್ಗನೈಜರ್ ಅಂತ ಫೋನಿನಲ್ಲಿ ಹುಡುಕಿದರೆ ಮುಗಿಯದಷ್ಟು ಬರುತ್ತವೆ. ಫೋಟೋದಲ್ಲಿ ಎಲ್ಲವೂ ಚಂದ. ಮೂರು ಪೆನ್ನು, ಒಂದು ಪುಟ್ಟ ಗಿಡ, ಒಂದು ಬಿಳಿ ಡೈರಿ. ನಮ್ಮ ಮೇಜು ಹಾಗಿರುವುದಿಲ್ಲ ಅಲ್ವಾ? ಅಲ್ಲಿ ಕರೆಂಟ್ ಬಿಲ್ ಇರುತ್ತದೆ, ಮಗುವಿನ ಶಾಲೆಯಿಂದ ಬಂದ ಚೀಟಿ ಇರುತ್ತದೆ, ಎರಡು ಮೂರು ಚಾರ್ಜರ್, ಅರ್ಧ ಮುಗಿದ ಮಾತ್ರೆಯ ಸ್ಟ್ರಿಪ್, ಕನ್ನಡಕದ ಡಬ್ಬಿ, ಯಾವ ಬೀಗದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಕೀಲಿ.

ಆರ್ಗನೈಜರ್ ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಒಂದೇ. ಸಾಮಾನು ವಾಪಸ್ ಇಡುವುದು ಎಷ್ಟು ಸುಲಭ? ತೆಗೆಯುವುದು ದೊಡ್ಡ ವಿಷಯವಲ್ಲ. ಬೇಕಾದಾಗ ಎಲ್ಲಿದ್ದರೂ ಹುಡುಕಿ ತೆಗೆಯುತ್ತೇವೆ. ಇಡುವಾಗ ಆ ಗರಜು ಇರುವುದಿಲ್ಲ. ಮುಚ್ಚಳ ತೆಗೆದು, ಮೇಲಿನ ತಟ್ಟೆ ಎತ್ತಿ, ಒಳಗಿನ ಖಾನೆಯಲ್ಲಿ ಇಡಬೇಕು ಅಂದರೆ ಮೊದಲ ವಾರ ಇಡುತ್ತೇವೆ, ಆಮೇಲೆ ಅದರ ಪಕ್ಕದಲ್ಲೇ ಇಟ್ಟು ಎದ್ದು ಹೋಗುತ್ತೇವೆ. ದಿನಾ ಬಳಸುವ ವಸ್ತುವನ್ನು ಒಂದೇ ಕೈಯಲ್ಲಿ, ಸರಿಯಾಗಿ ನೋಡದೆಯೂ ಇಡಲು ಆಗಬೇಕು. ಈ ಒಂದು ಪರೀಕ್ಷೆ ಇಟ್ಟುಕೊಂಡರೆ ಅಂಗಡಿಯಲ್ಲಿರುವ ಅರ್ಧ ಮಾಲು ತಾನಾಗಿ ಬಿದ್ದುಹೋಗುತ್ತದೆ.

ಕೊಳ್ಳುವ ಮುಂಚೆ ಮೇಜನ್ನು ಪೂರ್ತಿ ಖಾಲಿ ಮಾಡಿ. ದಿನಾ ಬೇಕಾದದ್ದು ಒಂದು ಕಡೆ, ವಾರಕ್ಕೊಮ್ಮೆ ಬೇಕಾದದ್ದು ಇನ್ನೊಂದು ಕಡೆ ಹಾಕಿ. ಉಳಿದದ್ದು ಮೇಜಿನದ್ದೇ ಅಲ್ಲ, ಅದಕ್ಕೆ ಆರ್ಗನೈಜರ್ ಕೊಳ್ಳಬೇಡಿ. ಒಂದು ಟೇಪು ತಂದು ಮೇಜಿನ ಅಳತೆಯನ್ನೂ ತೆಗೆದಿಡಿ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ಮೇಜು. ಅದರಲ್ಲಿ ಲ್ಯಾಪ್‌ಟಾಪ್, ಮೌಸು, ಒಂದು ನೋಟ್‌ಬುಕ್ ಬಿಚ್ಚಿಡುವ ಜಾಗ ಬಿಟ್ಟರೆ ಆರ್ಗನೈಜರ್‌ಗೆ ಉಳಿಯುವುದು ಹಿಂದಿನ ಒಂದು ಪಟ್ಟಿ ಮತ್ತು ಒಂದು ಮೂಲೆ, ಅಷ್ಟೇ.

ಪೆನ್ ಸ್ಟ್ಯಾಂಡ್: ಒಂದು ಲೋಟವೋ, ಹತ್ತು ಖಾನೆಯೋ?

ಒಂದೇ ಲೋಟದ ಸಾದಾ ಪೆನ್ ಸ್ಟ್ಯಾಂಡ್ ಅಂದರೆ ಕೆಲವರಿಗೆ ಸಸಾರ. ನನ್ನ ಪ್ರಕಾರ ಹೆಚ್ಚಿನವರಿಗೆ ಅದೇ ಸಾಕು. ಪೆನ್ನನ್ನು ಅದರೊಳಗೆ ಬಿಟ್ಟರೆ ಮುಗಿಯಿತು, ಯೋಚಿಸುವ ಕೆಲಸವಿಲ್ಲ. ಅದರ ತೊಂದರೆ ಎರಡು. ರಬ್ಬರು, ಶಾರ್ಪನರ್, ಪೆನ್ ಡ್ರೈವ್‌ನಂಥ ಗಿಡ್ಡ ವಸ್ತುಗಳು ತಳ ಸೇರಿ ಕಾಣದಾಗುತ್ತವೆ. ಕತ್ತರಿ, ಸ್ಟೀಲ್ ಸ್ಕೇಲ್ ಹಾಕಿದರೆ ತೂಕ ಮೇಲಾಗಿ ವಾಲುತ್ತದೆ. ಹೊಸ ಪೆನ್ಸಿಲ್ ಹೆಚ್ಚುಕಡಿಮೆ 18 ಸೆಂಟಿಮೀಟರ್ ಇರುತ್ತದೆ, ಸ್ಟ್ಯಾಂಡು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎತ್ತರ ಇದ್ದರೆ ಸರಿ. 10 ಸೆಂಟಿಮೀಟರ್‌ ಆಸುಪಾಸಿನದು ನೋಡಿ. ತಳ ಭಾರವಾಗಿರಲಿ.

ಖಾನೆ ಜಾಸ್ತಿ ಇರುವುದು ಯಾರಿಗೆ ಒಳ್ಳೆಯದು ಅಂದರೆ, ನಿಜವಾಗಿಯೂ ಬೇರೆ ಬೇರೆ ಸಾಮಾನು ದಿನಾ ಬಳಸುವವರಿಗೆ. ಡ್ರಾಯಿಂಗ್ ಮಾಡುವವರು, ಪೇಪರ್ ತಿದ್ದುವ ಮೇಷ್ಟ್ರುಗಳು, ನಾಲ್ಕು ಬಣ್ಣದ ಹೈಲೈಟರ್ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಉಳಿದವರ ಮನೆಯಲ್ಲಿ ಆ ಹತ್ತು ಖಾನೆಯಲ್ಲಿ ಮೂರು ತುಂಬಿರುತ್ತವೆ, ಇನ್ನುಳಿದ ಏಳರಲ್ಲಿ ಬರೆಯದ ಪೆನ್ನು, ಬಸ್ ಟಿಕೆಟ್ಟು, ಚಿಲ್ಲರೆ. ಖಾಲಿ ಖಾನೆ ಖಾಲಿ ಉಳಿಯುವುದಿಲ್ಲ, ಬೇಡದ್ದನ್ನು ಕರೆಯುತ್ತದೆ.

ತಿರುಗುವ ಸ್ಟ್ಯಾಂಡ್ ನೋಡಲು ಮಜವಾಗಿರುತ್ತದೆ. ಮಕ್ಕಳ ಕೈಗೆ ಸಿಕ್ಕರೆ ಅದು ಆಟಿಕೆ. ಅದು ತಿರುಗಲು ಸುತ್ತಲೂ ಜಾಗ ಬೇಕು, ಇಲ್ಲದಿದ್ದರೆ ಸ್ಕೇಲು ಹೋಗಿ ಮಾನಿಟರ್‌ಗೆ ತಗಲುತ್ತದೆ. ನಾನಾದರೆ ಕೊಳ್ಳುವುದಿಲ್ಲ.

ಗಿಡ್ಡ ವಸ್ತುಗಳಿಗೆ ಒಂದು ಪುಟ್ಟ ಬಟ್ಟಲು ಸಾಕು. ಅಂಗೈಯಷ್ಟು ಅಗಲ, ಆಳ ಇಲ್ಲದ್ದು. ಕೀಲಿ, ಪೆನ್ ಡ್ರೈವ್, ಇಯರ್‌ಫೋನ್ ಎಲ್ಲ ಅದಕ್ಕೇ ಬೀಳುತ್ತವೆ, ಮೇಲಿಂದ ಕಾಣುತ್ತವೆ ಕೂಡ.

ಕಾಗದ: ಮಲಗಿಸಬೇಕೋ, ನಿಲ್ಲಿಸಬೇಕೋ?

ಮೇಜು ಕೆಡುವುದು ಪೆನ್ನಿನಿಂದ ಅಲ್ಲ, ಕಾಗದದಿಂದ. ಹಾಗಾಗಿ ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ.

ಆಯ್ಕೆ ಎರಡು. ಒಂದು, ಒಂದರ ಮೇಲೊಂದು ಕೂರುವ ಟ್ರೇ, ಸರ್ಕಾರಿ ಕಚೇರಿಗಳಲ್ಲಿ ನೋಡಿರುತ್ತೀರಿ. ಇನ್ನೊಂದು, ಪುಸ್ತಕದ ಹಾಗೆ ಫೈಲ್ ನಿಲ್ಲಿಸುವ ಸ್ಟ್ಯಾಂಡ್. ಟ್ರೇಗೆ ಹಾಕುವುದು ಬಹಳ ಸುಲಭ, ಕಾಗದವನ್ನು ಬಿಸಾಕಿದರೂ ಸರಿ. ಅದರ ರೋಗವೂ ಅದೇ. ಮೇಲಿನದು ಮಾತ್ರ ಕಾಣುತ್ತದೆ, ಕೆಳಗಿನದು ಮರೆತುಹೋಗುತ್ತದೆ. ಆರು ತಿಂಗಳ ನಂತರ ತಳ ನೋಡಿದರೆ ವಿಮೆಯ ನೋಟಿಸು ಅಲ್ಲೇ ಮಲಗಿರುತ್ತದೆ. ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಪ್ರತಿ ಫೈಲಿನ ಅಂಚು ಕಾಣುತ್ತದೆ, ಹೆಸರು ಬರೆದಿಟ್ಟರೆ ನೇರ ಕೈ ಹೋಗುತ್ತದೆ. ಆದರೆ ಬಿಡಿ ಕಾಗದ ಅದರಲ್ಲಿ ನಿಲ್ಲುವುದಿಲ್ಲ, ಬಾಗಿ ಕುಸಿಯುತ್ತದೆ. ಫೈಲಿಗೋ ಫೋಲ್ಡರಿಗೋ ಹಾಕಿಯೇ ಇಡಬೇಕು, ಅಂದರೆ ಕೆಲಸ ಒಂದು ಹೆಜ್ಜೆ ಜಾಸ್ತಿ.

ಹಾಗಾದರೆ ಯಾವುದು? ಇನ್ನೂ ಕೆಲಸ ಆಗಬೇಕಾದ ಕಾಗದಕ್ಕೆ ಒಂದೇ ಒಂದು ಟ್ರೇ. ಕಟ್ಟಬೇಕಾದ ಬಿಲ್ಲು, ಸಹಿ ಹಾಕಬೇಕಾದ ಫಾರ್ಮು ಇದರಲ್ಲಿ. ಕೆಲಸ ಮುಗಿದದ್ದಕ್ಕೆ ನಿಲ್ಲಿಸುವ ಸ್ಟ್ಯಾಂಡು. ಮೂರು ಅಂತಸ್ತಿನ ಟ್ರೇ ಕೊಳ್ಳುವುದಕ್ಕೆ ಒಂದೇ ಕಾರಣ ಇರಬಹುದು: ನಿಮ್ಮ ಕೆಲಸವೇ ಕಾಗದ ಬರುವುದು, ನೋಡುವುದು, ಕಳಿಸುವುದು. ಲೆಕ್ಕಪತ್ರ ಬರೆಯುವವರು, ವಕೀಲರು, ಸಹಕಾರ ಸಂಘದ ಕಾರ್ಯದರ್ಶಿಗಳು, ಅಂಥವರಿಗೆ ಅಂತಸ್ತು ಬೇಕು. ಮನೆಯಿಂದ ಕೆಲಸ ಮಾಡುವ ಸಾಫ್ಟ್‌ವೇರ್‌ನವರಿಗೆ ಬೇಡ. ಅವರಿಗೆ ಬರುವ ಕಾಗದ ಅಂದರೆ ಕೊರಿಯರ್ ಕವರು.

ಅಂತಸ್ತಿನ ಟ್ರೇ ತೆಗೆದುಕೊಂಡರೆ ಎರಡು ತಟ್ಟೆಗಳ ನಡುವಿನ ಸಂದು ನೋಡಿ. ಕೈ ಪೂರ್ತಿ ಒಳಗೆ ಹೋಗಬೇಕು. ಬೆರಳು ಮಾತ್ರ ಹೋಗುವಷ್ಟು ಸಂದಿದ್ದರೆ ಕೆಳಗಿನ ಟ್ರೇ ಗೋಡೌನ್ ಆಯಿತು ಅಂತಲೇ ಲೆಕ್ಕ.

ಇನ್ನೊಂದು ವಿಷಯ, ಹೊರದೇಶದ ವೀಡಿಯೋಗಳಲ್ಲಿ ಇದನ್ನು ಹೇಳುವುದಿಲ್ಲ: ಫ್ಯಾನು. ನಮ್ಮ ಮೇಜಿನ ಮೇಲೆ ವರ್ಷದ ಬಹುಪಾಲು ಸೀಲಿಂಗ್ ಫ್ಯಾನ್ ತಿರುಗುತ್ತಿರುತ್ತದೆ. ಅಂಚು ಇಲ್ಲದ, ಮೇಲೆ ತೆರೆದಿರುವ ಚಪ್ಪಟೆ ಟ್ರೇಯಲ್ಲಿ ಬಿಡಿ ಕಾಗದ ಇಟ್ಟರೆ ಫ್ಯಾನು ಐದಕ್ಕೆ ಹೋದ ತಕ್ಷಣ ಎಲ್ಲ ನೆಲದ ಮೇಲೆ. ಸುತ್ತ ಎರಡು ಇಂಚಾದರೂ ಅಂಚಿರುವ ಟ್ರೇ ತೆಗೆದುಕೊಳ್ಳಿ, ಅಥವಾ ಹಳೆಯ ಕಾಲದ ಗಾಜಿನ ಪೇಪರ್‌ವೇಟ್ ಇಟ್ಟುಕೊಳ್ಳಿ. ಮೇಲೆ ಮತ್ತೊಂದು ತಟ್ಟೆ ಇರುವ ಟ್ರೇಯಲ್ಲಿ ಕಾಗದ ಕಡಿಮೆ ಹಾರುತ್ತದೆ, ಆ ಮಟ್ಟಿಗೆ ಎರಡಂತಸ್ತು ವಾಸಿ.

ಅಳತೆ ಮರೆಯಬೇಡಿ. ಎ4 ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದ. ಲೀಗಲ್ ಹಾಳೆ ಅದಕ್ಕಿಂತ ಸುಮಾರು ಆರು ಸೆಂಟಿಮೀಟರ್ ಉದ್ದ, 35.6. ಆನ್‌ಲೈನ್‌ನಲ್ಲಿ ಸಿಗುವ ಟ್ರೇಗಳಲ್ಲಿ ಬಹಳಷ್ಟು ಎ4ಗೆ ಸರಿಯಾಗಿ ಮಾಡಿದವು. ನಿಮ್ಮ ಹತ್ತಿರ ಹಳೆಯ ಕ್ರಯಪತ್ರ, ಛಾಪಾ ಕಾಗದದ ಕರಾರು ಇದ್ದರೆ ಅವು ಟ್ರೇಯಿಂದ ಹೊರಗೆ ಚಾಚಿಕೊಂಡು ಅಂಚು ಮುದುಡುತ್ತವೆ. ಹಾಗೆ ನೋಡಿದರೆ ಅಂಥ ಪತ್ರ ಮೇಜಿನ ಮೇಲೆ ಇರಲೇಬಾರದು, ಬೀರುವಿನಲ್ಲಿರಬೇಕು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ದಪ್ಪ ರಟ್ಟಿನ ಬಾಕ್ಸ್ ಫೈಲ್‌ಗೆ ಉದ್ದದ ಹಾಳೆ ಹಿಡಿಯುತ್ತದೆ, ಬೆಲೆಯೂ ಕಡಿಮೆ, ಬೆನ್ನ ಮೇಲೆ ದೊಡ್ಡದಾಗಿ ಬರೆಯಬಹುದು. ಮೂರು ಬಾಕ್ಸ್ ಫೈಲ್ ಸಾಲಾಗಿ ನಿಲ್ಲಿಸಿದರೆ ಅದೇ ಒಂದು ಆರ್ಗನೈಜರ್, ಸುಮ್ನೆ ಬೇರೆ ಸ್ಟ್ಯಾಂಡು ಯಾಕೆ?

ಡ್ರಾಯರ್

ಮೇಜಿಗೇ ಡ್ರಾಯರ್ ಇದ್ದರೆ ಮೇಲಿಡುವ ಪುಟ್ಟ ಡ್ರಾಯರ್ ಪೆಟ್ಟಿಗೆ ಕೊಳ್ಳಬೇಡಿ. ಇರುವ ಡ್ರಾಯರ್ ಒಳಗೆ ಖಾನೆ ಮಾಡಿ. ಖಾನೆ ಇಲ್ಲದ ಡ್ರಾಯರನ್ನು ಜೋರಾಗಿ ಎಳೆದರೆ ಒಳಗಿರುವುದೆಲ್ಲ ಮುಂದಕ್ಕೆ ಬಂದು ಗುಡ್ಡೆಯಾಗುತ್ತದೆ, ಅದಕ್ಕೇ ಅದು ಯಾವಾಗಲೂ ಸಂತೆ. ಬಿಡಿ ಬಿಡಿ ಪ್ಲಾಸ್ಟಿಕ್ ಟ್ರೇಗಳು ಸಿಗುತ್ತವೆ, ಹಿಗ್ಗಿಸಿ ಕೂರಿಸುವ ಪಟ್ಟಿಗಳೂ ಸಿಗುತ್ತವೆ. ಬಿಡಿ ಟ್ರೇ ಒಳ್ಳೆಯದು, ಮುಂದೆ ಬೇರೆ ಜಾಗದಲ್ಲೂ ಬಳಸಬಹುದು. ಆದರೆ ಟ್ರೇಯ ಎತ್ತರ ಡ್ರಾಯರ್‌ನ ಒಳ ಎತ್ತರಕ್ಕಿಂತ ಒಂದು ಬೆರಳು ಕಡಿಮೆ ಇರಬೇಕು, ಇಲ್ಲದಿದ್ದರೆ ಸಿಕ್ಕಿಕೊಂಡು ತೆರೆಯುವುದೇ ಇಲ್ಲ. ಮನೆಯಲ್ಲಿ ಕಾರ್ಪೆಂಟರ್ ಕೆಲಸ ನಡೆಯುತ್ತಿದ್ದರೆ ಉಳಿದ 6 ಎಂಎಂ ಅಥವಾ 9 ಎಂಎಂ ಪ್ಲೈವುಡ್ ತುಂಡಿನಲ್ಲಿ ಅಡ್ಡಪಟ್ಟಿ ಕೂರಿಸಿಕೊಡಿ ಅಂತ ಕೇಳಿ. ಅಳತೆಗೆ ಇದಕ್ಕಿಂತ ಸರಿಯಾದದ್ದು ಯಾವ ಕಂಪನಿಯೂ ಮಾಡಿಕೊಡುವುದಿಲ್ಲ.

ಗುಂಡುಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡಿಗೆ ಅಡುಗೆಮನೆಯ ಒಗ್ಗರಣೆ ಡಬ್ಬಿಗಿಂತ ಒಳ್ಳೆಯದು ನಾನು ಕಂಡಿಲ್ಲ. ಏಳು ಬಟ್ಟಲು, ಒಂದು ಮುಚ್ಚಳ, ಸ್ಟೀಲು. ಬಟ್ಟಲನ್ನೇ ಎತ್ತಿಕೊಂಡು ಹೋಗಬಹುದು. ಮುಚ್ಚಳ ಇದ್ದರೆ ವಾಪಸ್ ಇಡುವುದಿಲ್ಲ ಅಂತ ಮೇಲೆ ನಾನೇ ಹೇಳಿದೆ, ನಿಜ. ಆದರೆ ಪಿನ್ನು, ಕ್ಲಿಪ್ಪು ದಿನಾ ಬೇಕಾಗುವುದಿಲ್ಲ. ವಾರಕ್ಕೊಮ್ಮೆ ತೆಗೆಯುವುದಕ್ಕೆ ಮುಚ್ಚಳ ಇದ್ದರೇ ಒಳ್ಳೆಯದು, ಧೂಳು ಕೂರುವುದಿಲ್ಲ, ಮಗು ಕೈ ಹಾಕುವುದೂ ಇಲ್ಲ.

ಮೇಜಿಗೆ ಡ್ರಾಯರ್ ಇಲ್ಲದವರು ಮೇಲಿಡುವ ಪೆಟ್ಟಿಗೆ ಕೊಳ್ಳಬಹುದು. ಪಾರದರ್ಶಕವಾದದ್ದು ತೆಗೆದುಕೊಳ್ಳಿ, ಇಲ್ಲವೇ ಪ್ರತಿ ಡ್ರಾಯರ್ ಮೇಲೆ ಚೀಟಿ ಅಂಟಿಸಿ. ಒಂದೇ ಕೈಯಲ್ಲಿ ಎಳೆದಾಗ ಪೆಟ್ಟಿಗೆಯೇ ಜಾರಿ ಬರುತ್ತದಾ ಅಂತ ಅಂಗಡಿಯಲ್ಲೇ ಎಳೆದು ನೋಡಿ. ಹಗುರ ಪ್ಲಾಸ್ಟಿಕ್ಕಿನವು ಹಾಗೇ ಬರುತ್ತವೆ. ತಳಕ್ಕೆ ಡಬಲ್ ಟೇಪ್ ಹಾಕಿದರೆ ನಿಲ್ಲುತ್ತದೆ.

ಯಾವ ಊರಿಗೆ ಯಾವುದು?

ಜಾಲರಿ ಸ್ಟೀಲು, ಪ್ಲಾಸ್ಟಿಕ್ಕು, ಅಕ್ರಿಲಿಕ್, ಮರ. ಇದರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ಮೊದಲು ಕೇಳುವುದು ನೀವು ಎಲ್ಲಿದ್ದೀರಿ ಅಂತ.

ಕರಾವಳಿಯಲ್ಲಿದ್ದರೆ ಕಪ್ಪು ಜಾಲರಿಯ ಸ್ಟೀಲ್ ಟ್ರೇ ಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಅದು ಕಬ್ಬಿಣಕ್ಕೆ ಬಣ್ಣದ ಪುಡಿ ಕಾಯಿಸಿ ಹಿಡಿಸಿದ್ದು. ಬಣ್ಣ ಇರುವವರೆಗೆ ಚೆನ್ನ. ಮಂಗಳೂರು, ಕುಂದಾಪುರ, ಕಾರವಾರದ ಉಪ್ಪುಗಾಳಿಗೆ ಬಣ್ಣ ಎದ್ದ ಕಡೆಯಿಂದ ತುಕ್ಕು ಶುರುವಾಗುತ್ತದೆ, ಮೊದಲು ಬೆಸುಗೆ ಹಾಕಿದ ಮೂಲೆಗಳಲ್ಲಿ. ಆ ತುಕ್ಕಿನ ಕಲೆ ಕಾಗದಕ್ಕೆ ಹತ್ತಿದರೆ ಹೋಗುವುದಿಲ್ಲ. ಅಲ್ಲಿ ಪ್ಲಾಸ್ಟಿಕ್ಕೇ ಸೈ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್, ಬಾಗುತ್ತದೆ, ಬೇಗ ಒಡೆಯುವುದಿಲ್ಲ. 6 ಅಂತ ಇದ್ದರೆ ಪಾಲಿಸ್ಟೈರೀನ್, ನೋಡಲು ಹೊಳಪು, ಕೆಳಗೆ ಬಿದ್ದರೆ ಚೂರು. ಯಾವುದೇ ಆದರೂ ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಇಟ್ಟರೆ ಕಾಲ ಕಳೆದಂತೆ ಪ್ಲಾಸ್ಟಿಕ್ ಹಳದಿಯಾಗಿ ಪೆಡಸಾಗುತ್ತದೆ.

ಮಲೆನಾಡಿನಲ್ಲಿ ಮಳೆಗಾಲದ ಸಮಸ್ಯೆ ಬೇರೆ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಕಾಗದ ಇಟ್ಟರೆ ಮುಗ್ಗಲು ವಾಸನೆ, ಬೂಷ್ಟು, ಕಾಗದ ತಿನ್ನುವ ಬೆಳ್ಳಿ ಬಣ್ಣದ ಸಣ್ಣ ಹುಳ. ಅಲ್ಲಿ ಗಾಳಿಯಾಡುವ ತೆರೆದ ಟ್ರೇ ವಾಸಿ. ಎಂಡಿಎಫ್‌ನದು ಬೇಡವೇ ಬೇಡ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು, ಅಂಚಿನಿಂದ ನೀರು ಎಳೆದುಕೊಂಡು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಆನ್‌ಲೈನ್‌ನಲ್ಲಿ ಮರದ್ದು ಅಂತ ಮಾರುವ ಅಗ್ಗದ ಆರ್ಗನೈಜರ್‌ಗಳಲ್ಲಿ ಬಹಳಷ್ಟು ಇದೇ ಎಂಡಿಎಫ್. ವಿವರದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಧೂಳೇ ಶತ್ರು. ಬೆಂಗಳೂರಿನಲ್ಲಿ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರೂ ಅಷ್ಟೇ. ಜಾಲರಿಯ ಟ್ರೇಗೆ ಧೂಳು ಕೆಳಗಿಳಿಯುತ್ತದೆ ಅನ್ನುವುದು ನಿಜ, ಆದರೆ ತೂತುಗಳ ನಡುವೆ ಕೂತ ಧೂಳು ಬಟ್ಟೆಗೆ ಬರುವುದಿಲ್ಲ. ಹಳೆಯ ಪೇಂಟ್ ಬ್ರಶ್ ಬೇಕು, ಅಥವಾ ನಲ್ಲಿ ಕೆಳಗೆ ಹಿಡಿದು ತೊಳೆದು ಒರೆಸಿ ಬಿಸಿಲಿಗಿಡಬೇಕು. ನಯವಾದ ಪ್ಲಾಸ್ಟಿಕ್, ಅಕ್ರಿಲಿಕ್ ಆದರೆ ಒಂದು ಒದ್ದೆ ಬಟ್ಟೆ ಸಾಕು. ಜಾಲರಿಯ ಇನ್ನೊಂದು ಕಿರಿಕಿರಿ ಏನೆಂದರೆ ಚೂಪು ಪೆನ್ಸಿಲ್ ತುದಿ ತೂತಿನಲ್ಲಿ ಸಿಕ್ಕಿ ಮುರಿಯುತ್ತದೆ.

ಅಕ್ರಿಲಿಕ್ ಗಾಜಿನ ಹಾಗೆ ಕಾಣುತ್ತದೆ, ಒಳಗಿರುವುದೆಲ್ಲ ಕಾಣುತ್ತದೆ. ಸಾಮಾನು ಅಚ್ಚುಕಟ್ಟಾಗಿ ಇಡುವವರಿಗೆ ಅದು ಶೋಭೆ, ನಮ್ಮಂಥವರಿಗೆ ಅದು ಮಾನ ಕಳೆಯುತ್ತದೆ. ಗೀರು ಬೇಗ ಬೀಳುತ್ತದೆ. ಸ್ಯಾನಿಟೈಸರ್, ಸ್ಪಿರಿಟ್ ಹಾಕಿ ಅಕ್ರಿಲಿಕ್ ಒರೆಸಲೇಬೇಡಿ, ಒಳಗೊಳಗೇ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರವವೂ ಬೇಡ. ಸೋಪಿನ ನೀರು, ಮೆತ್ತನೆ ಬಟ್ಟೆ.

ಮರದಲ್ಲಿ ಒಳ್ಳೆಯದು ಬೇಕು, ಮೇಜಿಗೆ ಒಂದು ಬಣ್ಣವೂ ಬೇಕು ಅನ್ನುವವರಿಗೆ ಚನ್ನಪಟ್ಟಣದ ಪೆನ್ ಸ್ಟ್ಯಾಂಡ್ ಇದೆ. ಬೆಂಗಳೂರು–ಮೈಸೂರು ಹಳೆಯ ದಾರಿಯಲ್ಲಿ ಸಿಗುತ್ತದೆ, ಕಾವೇರಿ ಎಂಪೋರಿಯಂನಲ್ಲೂ ಸಿಗುತ್ತದೆ. ಹಾಲೆ ಮರವನ್ನು ಲೇತಿಗೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ, ಉಜ್ಜುವ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹಾಗಾಗಿ ಈ ಬಣ್ಣಕ್ಕೆ ಬಿಸಿ ಆಗುವುದಿಲ್ಲ, ಕಾಫಿ ಲೋಟವನ್ನು ಅದಕ್ಕೆ ತಾಗಿಸಿ ಇಡಬೇಡಿ. ಇದಕ್ಕೂ ಸ್ಪಿರಿಟ್ ವೈರಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಸಾಕು. ಹಗುರ ಮರವಾದ್ದರಿಂದ ಕತ್ತರಿ, ಸ್ಕೇಲ್ ಹಾಕಬೇಡಿ, ಪೆನ್ನಿಗಷ್ಟೇ ಇಟ್ಟುಕೊಳ್ಳಿ.

ಮಾನಿಟರ್ ಸ್ಟ್ಯಾಂಡ್, ಪೆಗ್‌ಬೋರ್ಡ್

ಮಾನಿಟರ್ ಕೆಳಗಿಡುವ ಪೀಠ ನಿಜವಾಗಿಯೂ ಜಾಗ ಕೊಡುತ್ತದೆ, ಕೀಬೋರ್ಡ್ ಅದರ ಕೆಳಗೆ ಜಾರಿಸಿದರೆ ಬರೆಯಲು ಮೇಜು ಖಾಲಿ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಚೂರು ಕೆಳಗೆ ಬರಬೇಕು, ಅದಕ್ಕಿಂತ ಎತ್ತರದ ಪೀಠ ಕತ್ತಿಗೆ ಶಿಕ್ಷೆ. ಲ್ಯಾಪ್‌ಟಾಪನ್ನು ಎತ್ತರಿಸಿದರೆ ಬೇರೆ ಕೀಬೋರ್ಡ್ ಬೇಕೇ ಬೇಕು, ಅದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಪೀಠಕ್ಕೇ ಪುಟ್ಟ ಡ್ರಾಯರ್ ಇರುವವು ಬರುತ್ತವೆ, ಆ ಡ್ರಾಯರ್ ಎಳೆಯಲು ಪ್ರತಿ ಸಲ ಕೀಬೋರ್ಡ್ ಸರಿಸಬೇಕು. ವಾಪಸ್ ಇಡುವ ಪರೀಕ್ಷೆಯಲ್ಲಿ ಅದು ಫೇಲು.

ಗೋಡೆಗೆ ಹಾಕುವ ತೂತಿನ ಹಲಗೆ, ಅಂದರೆ ಪೆಗ್‌ಬೋರ್ಡ್, ಚಿಕ್ಕ ಮೇಜಿನವರಿಗೆ ವರ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ ಅಂದರೆ ಮೇಜಿನ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸಿ, ಕೆಳಗೆ ಜಾರದಂತೆ ಮೇಜಿನ ಅಂಚಿಗೆ ಕಟ್ಟಿ. ಬೆಂಗಳೂರಿನ ನಾಗಸಂದ್ರದಲ್ಲಿ 2022ರಲ್ಲಿ ಶುರುವಾದ ಐಕಿಯಾ ಪೀಠೋಪಕರಣ ಮಳಿಗೆಗೆ ಮೆಟ್ರೋದಲ್ಲೇ ಹೋಗಿಬರಬಹುದು, ಅಲ್ಲಿ ಇಂಥವನ್ನು ಮುಟ್ಟಿ ನೋಡಬಹುದು. ಆದರೆ ಹಲಗೆಯ ಬೆಲೆ ನೋಡಿ ಖುಷಿಪಡಬೇಡಿ, ಕೊಕ್ಕೆ, ಬಟ್ಟಲು, ಕ್ಲಿಪ್ಪು ಎಲ್ಲ ಬೇರೆ ಬೇರೆ ಬೆಲೆ.

ಊಟದ ಮೇಜೇ ಆಫೀಸು ಆದರೆ?

ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಹತ್ತರಿಂದ ಆರರವರೆಗೆ ಊಟದ ಮೇಜೇ ಆಫೀಸು. ಇವರಿಗೆ ಮೇಲೆ ಹೇಳಿದ ಯಾವುದೂ ಆಗುವುದಿಲ್ಲ. ಹಿಡಿಕೆ ಇರುವ ಒಂದು ಬುಟ್ಟಿ ಬೇಕು. ಮೂರು ಖಾನೆ ಸಾಕು: ಪೆನ್ನು, ಚಾರ್ಜರ್, ನೋಟ್‌ಬುಕ್. ಊಟದ ಹೊತ್ತಿಗೆ ಎತ್ತಿ ಬೀರುವಿನ ಮೇಲಿಟ್ಟರಾಯಿತು. ತುಂಬಿದ ಮೇಲೂ ಒಂದು ಕೈಯಲ್ಲಿ ಎತ್ತಲು ಆಗಬೇಕು. ಹಾಸ್ಟೆಲ್, ಪಿಜಿಗಳಲ್ಲಿ ಓದುವವರಿಗೂ ಇದೇ ಸರಿ, ರೂಮು ಬದಲಾದರೆ ಬುಟ್ಟಿ ಎತ್ತಿಕೊಂಡು ಹೊರಟರಾಯಿತು.

ವೈರುಗಳು

ಇಲ್ಲಿ ಚಂದಕ್ಕಿಂತ ಸುರಕ್ಷತೆ ಮುಖ್ಯ. ಎಕ್ಸ್‌ಟೆನ್ಶನ್ ಬೋರ್ಡನ್ನು ಪೂರ್ತಿ ಮುಚ್ಚಿಡುವ ಪೆಟ್ಟಿಗೆಗಳು ಬಂದಿವೆ. ಲ್ಯಾಪ್‌ಟಾಪ್ ಅಡಾಪ್ಟರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ, ಅದನ್ನು ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ತುರುಕಬಾರದು. ಸುತ್ತ ತೂತಿರುವ ಪೆಟ್ಟಿಗೆ ತೆಗೆದುಕೊಳ್ಳಿ, ಅಥವಾ ಬೋರ್ಡನ್ನು ಮೇಜಿನ ಕೆಳಗೆ ತಂತಿಯ ಬುಟ್ಟಿಯಲ್ಲಿ ತೂಗಿಬಿಡಿ. ನೆಲದಿಂದ ಮೇಲಿದ್ದರೆ ಮನೆ ಒರೆಸುವಾಗ ನೀರು ತಾಗುವ ಭಯವೂ ಇಲ್ಲ. ಬೋರ್ಡು 6 ಆಂಪಿನದಾದರೆ, ಅಂದರೆ ಸಣ್ಣ ಪಿನ್ನಿನದಾದರೆ, ಅದಕ್ಕೆ ಲ್ಯಾಪ್‌ಟಾಪ್, ಮಾನಿಟರ್, ಫೋನು ಸರಿ. ನೀರು ಕಾಯಿಸುವ ಕೆಟಲ್ ಸಿಕ್ಕಿಸಬೇಡಿ.

ವೈರು ಕಟ್ಟಲು ಎಳೆದರೆ ಬಿಗಿಯುವ ಪ್ಲಾಸ್ಟಿಕ್ ಟೈ ಅಗ್ಗ, ಆದರೆ ಬಿಚ್ಚಬೇಕಾದರೆ ಕತ್ತರಿಸಬೇಕು. ವೆಲ್ಕ್ರೋ ಪಟ್ಟಿ ಸ್ವಲ್ಪ ದುಬಾರಿ, ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ಮಾನಿಟರ್, ರೂಟರ್ ವೈರಿಗೆ ಟೈ ಪರವಾಗಿಲ್ಲ, ದಿನಾ ಬ್ಯಾಗಿಗೆ ಹೋಗುವ ಚಾರ್ಜರ್‌ಗೆ ವೆಲ್ಕ್ರೋ. ಫೋನ್ ಚಾರ್ಜರ್ ತುದಿ ಮೇಜಿನ ಹಿಂದೆ ಬೀಳದಂತೆ ಅಂಚಿಗೆ ಒಂದು ದೊಡ್ಡ ಬೈಂಡರ್ ಕ್ಲಿಪ್ ಸಿಕ್ಕಿಸಿ, ಅದರ ಕಿವಿಯಲ್ಲಿ ವೈರು ತೂರಿಸಿ. ಇದಕ್ಕೆಂದೇ ಮಾರುವ ಸಿಲಿಕೋನ್ ಹಿಡಿಕೆಗಳಲ್ಲಿ ಬಹಳಷ್ಟರ ಅಂಟು ನಮ್ಮ ಬೇಸಿಗೆಗೆ ಬಿಟ್ಟುಕೊಳ್ಳುತ್ತದೆ.

ಎಲ್ಲಿ ಕೊಳ್ಳುವುದು?

ಬೆಂಗಳೂರಿನವರಾದರೆ ಸ್ಟೇಷನರಿ ಅಂಗಡಿಗಳಿರುವ ಅವೆನ್ಯೂ ರಸ್ತೆಗೆ ಒಂದು ಬೆಳಗ್ಗೆ ಹೋಗಿ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ, ವಾರದ ದಿನವೇ ವಾಸಿ. ಬೇರೆ ಊರಿನಲ್ಲಾದರೆ ಶಾಲಾ ಕಾಲೇಜುಗಳಿಗೆ ಮಾಲು ಕೊಡುವ ದೊಡ್ಡ ಸ್ಟೇಷನರಿ ಅಂಗಡಿ ಹುಡುಕಿ, ಫ್ಯಾನ್ಸಿ ಸ್ಟೋರ್ ಅಲ್ಲ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಫೋಟೋ ನಂಬಬೇಡಿ, ಸೆಂಟಿಮೀಟರ್ ಅಳತೆ ಓದಿ ಮೇಜಿನ ಮೇಲೆ ಹಳೆಯ ಪೇಪರನ್ನು ಅದೇ ಅಳತೆಗೆ ಕತ್ತರಿಸಿ ಹಾಸಿ ನೋಡಿ. ಒಂದು ದಿನ ಆ ಪೇಪರ್ ಅಲ್ಲೇ ಇರಲಿ, ಕೈಗೆ ಅಡ್ಡ ಬರುತ್ತದಾ ಇಲ್ಲವಾ ಗೊತ್ತಾಗುತ್ತದೆ. ಬಿಡಿ ಭಾಗ ಜೋಡಿಸುವ ಟ್ರೇ ಬಂದರೆ ಸ್ಕ್ರೂ ಎಲ್ಲ ಇವೆಯಾ ಎಣಿಸಿದ ಮೇಲೇ ಪ್ಯಾಕೆಟ್ ಹರಿದುಹಾಕಿ. ಅಂಗಡಿಯಲ್ಲಿ ಕೊಂಡರೆ ತಲೆಕೆಳಗು ಮಾಡಿ ತಳ ನೋಡಿ, ನಾಲ್ಕು ಮೂಲೆಗೂ ರಬ್ಬರ್ ಕಾಲು ಇರಬೇಕು. ಇಲ್ಲದಿದ್ದರೆ ಸನ್‌ಮೈಕಾ ಮೇಲೆ ಜಾರುತ್ತದೆ, ಪಾಲಿಶ್ ಮಾಡಿದ ಮರದ ಮೇಲೆ ಗೀರು ಹಾಕುತ್ತದೆ. ಅಂಟಿಸುವ ರಬ್ಬರ್ ಗುಂಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತಂದು ಹಾಕಿಕೊಂಡರೂ ಆಯಿತು.